ಕೊನೆಯ ತುತ್ತು

ಕೊಂಬಿಗೆ ಹಗ್ಗ ಬಿಗಿದು ಎಳೆದಾಗ ಸತ್ತ ಜಿಂಕೆ, ಬಿಯರ್ ಅಂಗಡಿಯ ಮುಂದಿನ ತೊಲೆಯಿಂದ ನೇತಾಡಿತು. ಸೀಳಿದ ಹೊಟ್ಟೆ ಬಾಯಿ ತೆರೆದುಕೊಂಡಿತು. ಜನ ಸಿಳ್ಳೆ ಹಾಕಿದರು. ಆರ್ಲೀನಳಿಗೆ ವಾಕರಿಕೆ ಬಂತು.

"ನೋಡಿದ್ಯೇನೇ?" ಗಂಡ ಡೆಲ್ಬರ್ಟ್ ಅವಳ ಹೆಗಲ ಮೇಲೆ ಕೈ ಹಾಕಿದ. ಉಗುರಿನ ಸಂದಿಯಲ್ಲಿ ರಕ್ತ ಒಣಗಿತ್ತು. "ಇಷ್ಟು ವರ್ಷ ನಕ್ಕರಲ್ಲ. ಈಗ ನಗಲಿ."

ನಕ್ಕದ್ದು ನಿಜ. ವಿಸ್ಕಾನ್ಸಿನ್‌ನ ಆ ಮೂಲೆಯಲ್ಲಿ ಸ್ವಂತ ಜಮೀನಿದ್ದವರು ತಮ್ಮ ತೋಪಿನಲ್ಲಿ ಅಟ್ಟಣೆ ಕಟ್ಟಿ ಕೂರುತ್ತಾರೆ. ಡೆಲ್ಬರ್ಟ್‌ನಂಥವರಿಗೆ ಇರುವುದು ಸರ್ಕಾರಿ ಕಾಡು. ಬೇಟೆ ಶುರುವಾದ ದಿನ ಅಲ್ಲಿ ಜಿಂಕೆಗಿಂತ ಬೇಟೆಗಾರರ ಕಿತ್ತಳೆ ಅಂಗಿಗಳೇ ಹೆಚ್ಚು. ಮದುವೆಯಾದಂದಿನಿಂದ ಪ್ರತಿ ನವೆಂಬರಿನಲ್ಲೂ ಅವನು ಅಲ್ಲಿಂದ ತಂದದ್ದು ನೆಗಡಿಯೊಂದೇ.

"ಹೇಗೆ ಹೊಡೆದೆ, ಅಣ್ಣಾ?" ಮೈದುನ ರಸ್ ಕೇಳಿದ. "ಹೋದ ಸಲ ನಿನ್ನ ಗುಂಡು ನನ್ನ ಟ್ರಕ್ಕಿಗೆ ತಗಲಿತ್ತಲ್ಲ?"

"ತಾಳ್ಮೆ ಬೇಕು ಕಣೋ. ಎಲ್ಲರೂ ರಸ್ತೆ ಪಕ್ಕ ಕೂತು ಕಾಫಿ ಕುಡೀತಾರೆ. ನಾನು ಹಳ್ಳದ ಆಚೆ ಹೋದೆ. ಗಾಳಿಗೆ ಎದುರಾಗಿ ಕೂತೆ. ಒಂದೇ ಗುಂಡು, ಭುಜದ ಹಿಂದೆ."

ಕೇಳುವವರು ಸಿಕ್ಕಿದಷ್ಟು ಸಲವೂ ಹೇಳಿದ. ಪ್ರತಿ ಸಲ ಜಿಂಕೆ ಇನ್ನಷ್ಟು ದೂರ ನಿಲ್ಲುತ್ತಿತ್ತು.

ಆರ್ಲೀನ್ ಮುಖ ತಿರುಗಿಸಿದಳು. ಬೆಳಗ್ಗೆ, ಕ್ರಿಸ್‌ಮಸ್ ಮಾಲೆಯ ಸೊಪ್ಪು ಹೊರುವ ಹಿಮದ ಜಾರುಬಂಡಿ ಎಳೆದುಕೊಂಡು ಹಳ್ಳದ ಬಳಿ ಮರಳಿ ಬಂದಾಗ ಕಂಡದ್ದು ಮತ್ತೆ ಕಣ್ಣಿಗೆ ಕಟ್ಟಿತು: ಹಿಮದ ಮೇಲೆ ಕರುಳಿನ ರಾಶಿಯೊಂದೇ, ಅದನ್ನು ಎಳೆದಾಡುವ ಕಾಗೆಗಳು. ಆಗಲೂ ಬಾಯಿ ಮುಚ್ಚಿಕೊಂಡು ಮರಕ್ಕೆ ಒರಗಿದ್ದಳು.

"ಅತ್ತಿಗೆಗೆ ರಕ್ತ ಕಂಡ್ರೆ ಆಗಲ್ಲ, ನೋಡಿ ಹೇಗೆ ಬಿಳಿಚಿಕೊಂಡ್ರು," ರಸ್ ನಕ್ಕ. "ಅತ್ತಿಗೇ, ಟೋಪಿಗೆ ಸೊಪ್ಪು ಸಿಕ್ಕಿಕೊಂಡಿದೆ. ಈ ಸಲ ಕ್ರಿಸ್‌ಮಸ್ ಮಾಲೆ ಯಾಕೆ, ನಿಮ್ಮನ್ನೇ ಚರ್ಚಿನ ಬಾಗಿಲಿಗೆ ತೂಗುಹಾಕಬಹುದು."

ಅವಳು ಟೋಪಿ ಮುಟ್ಟಿಕೊಳ್ಳಲಿಲ್ಲ. ಬೆಳಗ್ಗೆ "ನಾನೂ ಕಾಡಿಗೆ ಹೋಗ್ತೀನಿ" ಎಂದಾಗ ಡೆಲ್ಬರ್ಟ್ ಕೂಡ ಹೀಗೆಯೇ ನಕ್ಕಿದ್ದ. "ಮಾಲೆಗೆ ಸೊಪ್ಪು ತರೋಕಾ? ಹೋಗು, ಕಿತ್ತಳೆ ಅಂಗಿ ಹಾಕ್ಕೋ. ಯಾರಾದ್ರೂ ಜಿಂಕೆ ಅಂತ ಹೊಡೆದಾರು!" ಬೇಟೆ ಹೆಂಗಸರ ಕೆಲಸವಲ್ಲ ಎನ್ನುವುದು ಆ ಮನೆಯಲ್ಲಿ ಮದುವೆಯ ಮೊದಲ ವಾರವೇ ತೀರ್ಮಾನವಾದ ಮಾತು.

"ಇದರ ತಲೆ ನಮ್ಮ ಹಜಾರದ ಗೋಡೆಗೆ," ಡೆಲ್ಬರ್ಟ್ ಎಲ್ಲರಿಗೂ ಕೇಳುವಂತೆ ಹೆಂಡತಿಗೆ ಹೇಳಿದ. "ನಿಮ್ಮಪ್ಪನ ಹಳೇ ಕೋವಿ ಇದೆಯಲ್ಲ, ಅದನ್ನ ಗೋಡೆಯಿಂದ ಇಳಿಸಿಬಿಡು. ಅದೇ ಜಾಗಕ್ಕೆ ಇದು."

"ಇಳಿಸಿ ಆಯ್ತು," ಎಂದಳು ಆರ್ಲೀನ್.

"ಒರೆಸೋಕಾ? ಒಳ್ಳೇದಾಯ್ತು, ಅಟ್ಟಕ್ಕೆ ಹಾಕು."

ಅವಳು ಊಟದ ಮೇಜಿನ ಎದುರಿನ ಆ ಗೋಡೆಯನ್ನು ನೆನೆದಳು. ತಲೆ ಅಲ್ಲಿಗೆ ಏರಿದರೆ ಸಾಯುವ ತನಕ ಅದರ ಗಾಜಿನ ಕಣ್ಣಿನ ಕೆಳಗೆ ಉಣ್ಣಬೇಕು. ಬಂದವರಿಗೆಲ್ಲ ಅವನು ಕಥೆ ಹೇಳುವಾಗ ಪಕ್ಕದಲ್ಲಿ ಕಾಫಿ ಹಿಡಿದು ತಲೆಯಾಡಿಸಬೇಕು. ಅಂಗಡಿಯ ಎಮಿಲ್ ಅಜ್ಜ ಪರೀಕ್ಷೆ ಮಾಡಿ ಈ ವರ್ಷದ ಬೇಟೆಗಾರರ ಹಲಗೆಯ ಮೇಲೆ ಡೆಲ್ಬರ್ಟ್‌ನ ಹೆಸರು ಬರೆದರೆ ಮುಗಿಯಿತು. ಆಮೇಲೆ ಊರಲ್ಲಿ ಯಾರೂ ಅದನ್ನು ಅಳಿಸುವುದಿಲ್ಲ.

ಅಜ್ಜ ಕನ್ನಡಕ ಏರಿಸಿಕೊಂಡು ಬಂದ. ಕೊಂಬಿಗೆ ಟೇಪು ಹಿಡಿದ. ಡೆಲ್ಬರ್ಟ್ ಕಟ್ಟಿದ್ದ ತನ್ನ ಹೆಸರಿನ ಬೇಟೆಚೀಟಿಯ ಪಕ್ಕದಲ್ಲಿ, ಇನ್ನಾವುದನ್ನೋ ಕತ್ತರಿಸಿ ತೆಗೆದಂತೆ ಉಳಿದಿದ್ದ ತಂತಿಯ ಚೂರೊಂದನ್ನು ಬೆರಳಿನಿಂದ ಸವರಿ ಮುಂದೆ ಹೋದ. ಹಲ್ಲು ನೋಡಿ ವಯಸ್ಸು ಹೇಳುವುದು ಅವನ ಪದ್ಧತಿ. ದವಡೆ ಚಳಿಗೆ ಬಿಗಿದುಕೊಂಡಿತ್ತು. ಕಡ್ಡಿ ತೂರಿಸಿ ಮೀಟಿದ. ಒಳಗಿಂದ ಸೂಜಿಯೆಲೆಯ ಫರ್ ಮರದ ಸಣ್ಣ ರೆಂಬೆಯೊಂದು ಅವನ ಅಂಗೈಗೆ ಬಿತ್ತು.

"ಪಾಪ, ತಿಂತಾ ಇತ್ತು ಅನ್ಸುತ್ತೆ," ರಸ್ ಹೇಳಿದ.

"ತಿಂತಾ ಇದ್ದದ್ದು ಹೀಗೆ ಅಡ್ಡಡ್ಡ ಇರಲ್ಲ ಕಣಪ್ಪ." ಅಜ್ಜನ ದನಿ ಮೆತ್ತಗಾಯಿತು. "ಇದು ಕೊನೇ ತುತ್ತು. ಜರ್ಮನಿಯಿಂದ ಬಂದ ನಮ್ಮ ಹಿರಿಯರು ಮಾಡ್ತಿದ್ರು. ರೆಂಬೆ ಎರಡಾಗಿ ಮುರಿದು, ಒಂದನ್ನ ಸತ್ತ ಜೀವದ ಬಾಯಿಗೆ ಕೊಡೋದು. ಇನ್ನೊಂದನ್ನ ಅದರ ರಕ್ತಕ್ಕೆ ಅದ್ದಿ ಹೊಡೆದವನು ಇಟ್ಕೊಳ್ಳೋದು. ಈ ಊರಲ್ಲಿ ಕೊನೆಗೆ ಉಳಿದಿದ್ದವನು ಹರ್ಮನ್ ಒಬ್ನೇ."

ಎಲ್ಲರೂ ಆರ್ಲೀನಳತ್ತ ನೋಡಿದರು. ಹರ್ಮನ್ ಅವಳ ಅಪ್ಪ. ಅವನು ಸತ್ತು ಎಷ್ಟೋ ವರ್ಷವಾಗಿತ್ತು.

ಡೆಲ್ಬರ್ಟ್ ಅಜ್ಜನ ಅಂಗೈಯತ್ತ ಬಗ್ಗಿ ನೋಡಿದ. ಆಮೇಲೆ ತಲೆ ತಗ್ಗಿಸಿ, ಎದೆಯ ಮೇಲೆ ಕೈ ಇಟ್ಟುಕೊಂಡ.

"ಮಾವ ಕಲಿಸಿದ್ದು," ಎಂದ. "ಅವರ ನೆನಪಿಗೆ ನಾನೇ ಇಟ್ಟೆ."

ಯಾರೋ ಟೋಪಿ ತೆಗೆದರು. ರಸ್ ಅಣ್ಣನ ಬೆನ್ನು ತಟ್ಟಿದ. ಆರ್ಲೀನ್ ಪಕ್ಕಕ್ಕೆ ತಿರುಗಿ ಹಿಮದ ಮೇಲೆ ಉಗಿದಳು.

"ಒಳ್ಳೇ ಕೆಲಸ ಮಾಡಿದೆ," ಅಜ್ಜ ಸೀಮೆಸುಣ್ಣ ಕೈಗೆತ್ತಿಕೊಂಡ. "ಇನ್ನೊಂದು ತುಂಡು ಎಲ್ಲಿ?"

ಡೆಲ್ಬರ್ಟ್ ತನ್ನ ಟೋಪಿ ತಡವಿಕೊಂಡ. "ಇಲ್ಲೇ ಇತ್ತು... ಪೊದೆ ನುಗ್ಗುವಾಗ ಎಲ್ಲೋ ಬಿದ್ದುಹೋಯ್ತು."

ಆರ್ಲೀನ್ ತನ್ನ ಉಣ್ಣೆ ಟೋಪಿಯಿಂದ ರಕ್ತ ಒಣಗಿದ ರೆಂಬೆಯನ್ನು ಕಿತ್ತು ಅಜ್ಜನ ಅಂಗೈ ಮೇಲೆ ಇಟ್ಟಳು. ಮುರಿದ ತುದಿಗೆ ಮುರಿದ ತುದಿ ಸರಿಯಾಗಿ ಕೂಡಿತು.