ನೆರಿಗೆಯಲ್ಲೊಂದು ಸುಕ್ಕು

ಗೋಡೆಯಾಚೆ ಮತ್ತೆ ಧಡ್ ಎಂದಿತು. ವಿಂಧ್ಯಾ ಒಲೆ ಆರಿಸಿ ಗೋಡೆಗೆ ಕಿವಿಯಿಟ್ಟಳು. ಬಾಯಿಗೆ ಬಟ್ಟೆ ತುರುಕಿದಂಥ ನರಳಿಕೆ. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಸುಟ್ಟ ವಾಸನೆ ಬಂತು.

"ಕೇಳಿಸ್ತೇನ್ರೀ?" ಎಂದಳು ಗಂಡನಿಗೆ.

"ಇನ್ನೊಬ್ಬರ ಮನೆ ವಿಷ್ಯ ನಮಗ್ಯಾಕೆ?" ಎಂದ ಚೇತನ್, ಮೊಬೈಲಿನಿಂದ ಕಣ್ಣೆತ್ತದೆ.

ಅದೇ ಮಾತು! ಅಕ್ಕ ವರ್ಷಿಣಿಯ ನೆರೆಹೊರೆಯವರೂ ಇದನ್ನೇ ಹೇಳಿಕೊಂಡು ಕೂತಿದ್ದರು, ಗಂಡ ಅವಳನ್ನು ಹೊಡೆದು ಕೊಲ್ಲುವವರೆಗೆ. ಅಕ್ಕನ ಹೆಣದ ಮುಂದೆ ವಿಂಧ್ಯಾ ಆಣೆ ಮಾಡಿದ್ದಳು: ತನ್ನ ಗೋಡೆಯಾಚೆ ಇನ್ನೊಂದು ಜೀವ ಹಾಗೆ ಹೋಗಬಾರದು.

ವಡೋದರಾದ ಗೋರ್ವಾ ಬಡಾವಣೆಯಲ್ಲಿ, ಅವರಿದ್ದ ಮಹಡಿಯಲ್ಲಿ, ಕನ್ನಡದವರದು ಎರಡೇ ಮನೆ. ಪಕ್ಕದವರು ಧಾರವಾಡದ ಕಡೆಯವರು. ವಿಮಾ ಕಚೇರಿಯ ಗುಮಾಸ್ತ ಭೀಮಸೇನ ಹೆಸರಿಗೆ ತಕ್ಕ ಆಳು. ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬಾರದು. ಹೆಂಡತಿ ಸುಭದ್ರಾ ಅವನ ಎದೆಮಟ್ಟ. ಆದರೆ ಹಬ್ಬಹುಣ್ಣಿಮೆಗೆ ಉಟ್ಟು ನಿಂತಳೆಂದರೆ ಅವಳನ್ನು ಮೀರಿಸುವವರು ಸೊಸೈಟಿಯಲ್ಲೇ ಇಲ್ಲ. ಸೂರತ್ತಿನಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಡ್ಯಾಮೇಜ್ ಸೀರೆ, ಅದಕ್ಕೆ ಅವ್ವನ ಹಳೆಯ ಇಳಕಲ್ ಸೀರೆಯಿಂದ ಬಿಚ್ಚಿದ ಅಂಚು, ಮೇಲೆ ಗಂಜಿ, ಇಸ್ತ್ರಿ. ಅಷ್ಟೇ. ದುಬಾರಿ ಪಟೋಲ ರೇಷ್ಮೆ ಉಟ್ಟ ಸೇಠಾಣಿಯರೂ ಮೂಗಿನ ಮೇಲೆ ಬೆರಳಿಡುತ್ತಿದ್ದರು.

"ಇಷ್ಟು ಕಮ್ಮಿ ಖರ್ಚಲ್ಲಿ ಇಷ್ಟು ಚೆನ್ನಾಗಿ ಹೇಗ್ರೀ?" ಎಂದು ವಿಂಧ್ಯಾ ಒಮ್ಮೆ ಕೇಳಿದ್ದಳು.

"ರೊಕ್ಕದಾಗ ಏನದರಿ? ಎಲ್ಲಾ ಇಸ್ತ್ರಿಯೊಳಗ ಅದ," ಎಂದಿದ್ದಳು ಸುಭದ್ರಾ. "ನಮ್ಮನ್ಯಾಗ ಒಂದು ಸುಕ್ಕು ಕಂಡ್ರೂ ನಡಿಯೂದಿಲ್ಲ. ಸುಕ್ಕಿನ ಬೆಲಿ ಏನಂತ ಒಮ್ಮೆ ಗೊತ್ತಾತಂದ್ರ ಕೈ ತಾನ ಕಲೀತದ." ಹೇಳುತ್ತ ಸೆರಗನ್ನು ಮುಂಗೈ ಮೇಲೆ ಎಳೆದುಕೊಂಡಳು. ಅಷ್ಟರಲ್ಲಿ ಅಲ್ಲೊಂದು ಸುಟ್ಟ ಗಾಯ ವಿಂಧ್ಯಾಳ ಕಣ್ಣಿಗೆ ಬಿದ್ದಿತ್ತು.

ಅಂದಿನಿಂದ ಅವಳು ಭೀಮಸೇನನ ಮೇಲೆ ಕಣ್ಣಿಟ್ಟಳು. ಗುಮ್ಮನಗುಸುಕ. ಮೆಟ್ಟಿಲಲ್ಲಿ ಎದುರಾದರೆ ತುಟಿಪಿಟಕ್ಕೆನ್ನದೆ ತಲೆ ತಗ್ಗಿಸಿ ಹೋಗುವನು. ಬಾಲ್ಕನಿಯಲ್ಲಿ ಒಣಗಿದ ಸೀರೆಯನ್ನು ತಾನೇ ಎಳೆದೆಳೆದು ಬೆಳಕಿಗೆ ಹಿಡಿದು ನೋಡುವನು. ಹೆಂಡತಿಯ ಸೀರೆಯಲ್ಲಿ ಸುಕ್ಕು ಹುಡುಕುವ ಗಂಡಸು! ಬೆವರು ಧಾರೆಯಾಗಿ ಇಳಿಯುವ ಸೆಕೆಯಲ್ಲೂ ದಪ್ಪ ಬಟ್ಟೆಯ ಅಂಗಿ. ಸೊಸೈಟಿಯ ಸಭೆಗೆ ಬಂದರೆ ಕುರ್ಚಿಗೆ ಒರಗದೆ ನೆಟ್ಟಗೆ ಕೂರುವನು. ಎಷ್ಟು ಸೊಕ್ಕು ಎಂದುಕೊಂಡಳು ವಿಂಧ್ಯಾ. ಅವನನ್ನು ಕಂಡರೆ ಅವಳ ಮೈ ಉರಿಯುತ್ತಿತ್ತು.

ನವರಾತ್ರಿಯ ಅಷ್ಟಮಿ. ಸಂಜೆ ಕೆಳಗಿನ ಅಂಗಳದಲ್ಲಿ ಮಹಾ ಆರತಿ, ಆಮೇಲೆ ಗರ್ಬಾ. ಸುಭದ್ರಾ ಗಿಣಿಹಸಿರು ಸೀರೆಯುಟ್ಟು ಹೊರಗೆ ಬಂದಳು. ಕೆಂಪು ಅಂಚು, ಕತ್ತಿಯಂಥ ನೆರಿಗೆ. ವಿಂಧ್ಯಾ ಅವಳ ಸುತ್ತ ಒಂದು ಸುತ್ತು ಬಂದು ಕೈ ತಟ್ಟಿದಳು.

"ಅಂತೂ ಸಿಕ್ತು ನೋಡ್ರೀ! ನಿಮ್ಮ ನೆರಿಗೆಯಲ್ಲೂ ಒಂದು ಸುಕ್ಕು!"

ಸುಭದ್ರಾ ನಗಲಿಲ್ಲ. ಬಾಗಿ ನೋಡಿದಳು. ಮುಖ ಬಿಳಚಿಕೊಂಡಿತು. "ಒಂದ ನಿಮಿಷ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ವಿಂಧ್ಯಾ ನಾಲಿಗೆ ಕಚ್ಚಿಕೊಂಡಳು. ಅವನು ಒಳಗೇ ಇದ್ದಾನೆ. ಕೇಳಿಸಿಕೊಂಡಿರುತ್ತಾನೆ. ನನ್ನ ಬಾಯಿಗೆ ಬೆಂಕಿ ಬೀಳಲಿ!

ಧಡ್ ಎಂದಿತು. ಮತ್ತೆ ಧಡ್. ಆಮೇಲೆ ಒಂದು ಚೀತ್ಕಾರ, ನಡುವೆಯೇ ಕತ್ತರಿಸಿ ಹೋಯಿತು. ಬಾಗಿಲ ಸಂದಿಯಿಂದ ಅದೇ ಸುಟ್ಟ ವಾಸನೆ.

"ರೀ, ಬಾಗಿಲು ಒಡೀರಿ! ಅವಳನ್ನ ಕೊಲ್ತಿದಾನೆ!"

ದಾಂಡಿಯಾ ಕೋಲು ಹಿಡಿದು ಹೊರಟಿದ್ದ ಚೇತನ್ ಈ ಸಲ ನಮಗ್ಯಾಕೆ ಎನ್ನಲಿಲ್ಲ. ಭುಜ ಕೊಟ್ಟು ಗುದ್ದಿದ. ಚಿಲಕ ಕಿತ್ತು ಬಂತು.

ಕೋಣೆಯ ನಡುವೆ ಭೀಮಸೇನ ನಿಂತಿದ್ದ. ಕೈಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ. ಅದರ ವೈರು ಕಿತ್ತು ನೇತಾಡುತ್ತಿತ್ತು, ತಳದಿಂದ ಹೊಗೆ ಏಳುತ್ತಿತ್ತು. ಸುಭದ್ರಾ ಗೋಡೆಗೆ ಆತು ನಿಂತಿದ್ದಳು. ಅವಳ ಕಣ್ಣು ಆ ಪೆಟ್ಟಿಗೆಯನ್ನು ಬಿಟ್ಟು ಅಲುಗಲಿಲ್ಲ.

ಚೇತನ್‌ನ ಮೊದಲ ಏಟಿಗೆ ಪೆಟ್ಟಿಗೆ ಕೆಳಗೆ ಬಿತ್ತು. ಎರಡನೆಯದು ಹುಬ್ಬನ್ನು ಸೀಳಿತು. ಅಷ್ಟು ದೊಡ್ಡ ಆಳು ಮಂಡಿಯೂರಿ ಕುಸಿದ. ಕೈ ಅಡ್ಡ ತರಲಿಲ್ಲ. ಕಣ್ಣಿಗೆ ಇಳಿದ ರಕ್ತವನ್ನೂ ಒರೆಸಿಕೊಳ್ಳಲಿಲ್ಲ.

ವಿಂಧ್ಯಾ ಇನ್ನೊಂದು ಕೋಲನ್ನು ಕಿತ್ತುಕೊಂಡಳು. ಕಣ್ಣ ಮುಂದೆ ಅಕ್ಕನ ಮುಖ. "ಹೆಂಗಸನ್ನ ಸುಡ್ತೀಯಾ? ಸುಡು ನೋಡೋಣ, ನನ್ನ ಸುಡು!" ತೋಳಿಗೆ ಬಾರಿಸಿದಳು, ತಲೆಗೆ ಬಾರಿಸಿದಳು. ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು. ಕೋಲು ಮುರಿಯಿತು. ಉಳಿದ ಮೋಟು ಕಟ್ಟಿಗೆಯಿಂದಲೇ ಹೊಡೆದಳು. ಎಷ್ಟೋ ವರ್ಷದ ಸಂಕಟ ಕೈಗಿಳಿದಿತ್ತು, ಅವಳಿಗೆ ಹಾಯೆನಿಸುತ್ತಿತ್ತು.

"ಹೊಡೀರಿ," ಎಂದು ಅಳುತ್ತ ಭೀಮಸೇನ ಕೈ ಮುಗಿದ. "ಬೆನ್ನಿಗೊಂದು ಬ್ಯಾಡ್ರಿ."

ಅಂದದ್ದೇ ತಡ, ಅಲ್ಲಿಗೇ ಕೊಡುತ್ತೇನೆಂದು ಅವಳು ಹಿಂದಿನಿಂದ ಕೊರಳಪಟ್ಟಿ ಹಿಡಿದು ಜಗ್ಗಿದಳು. ಹಬ್ಬದ ಕುರ್ತಾ ಪರ್‍ರೆಂದು ಸೊಂಟದವರೆಗೆ ಹರಿಯಿತು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು.

ಭುಜದಿಂದ ಸೊಂಟದವರೆಗೂ ಇಸ್ತ್ರಿಪೆಟ್ಟಿಗೆಯ ಅಚ್ಚು. ಒಂದರ ಮೇಲೊಂದು. ಕಪ್ಪಿಟ್ಟ ಹಳೆಯವು, ಇನ್ನೂ ಮಾಯದವು, ನಡುವೆ ಈಗಷ್ಟೇ ಬೊಬ್ಬೆಯೇಳುತ್ತಿದ್ದ ಹೊಸದೊಂದು.

ಸುಭದ್ರಾ ಮುಂದೆ ಬಂದು ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ಬಾಗಿ ತನ್ನ ನೆರಿಗೆ ಸರಿಮಾಡಿಕೊಂಡಳು.

"ಎಷ್ಟ ಸಲ ಕಲಿಸಿದ್ರೂ ಇವರಿಗೆ ಇಸ್ತ್ರಿ ಮಾಡ್ಲಿಕ್ಕೆ ಬರೂದಿಲ್ರಿ," ಎಂದಳು. "ಪುಣ್ಯಾಕ್ಕ ನೀವು ಸುಕ್ಕು ತೋರಿಸಿದ್ರಿ."