ಕಲ್ಲಿಗೆಲ್ಲಿಯ ವಾಸನೆ

ಮಕ್ಕಳೆದುರು ಸುಳ್ಳಾಡುವುದಿಲ್ಲ ಎಂದು ಕೊಟ್ರಯ್ಯ ಮೇಷ್ಟ್ರು ಮಾತು ಕೊಟ್ಟು ಹದಿನಾಲ್ಕು ವರ್ಷವಾಗಿತ್ತು. ಮೊದಲ ದಿನ ಶಾಲೆಗೆ ಹೊರಟಾಗ, ಬೆತ್ತವನ್ನು ಕೈಗಿಡುವ ಮುಂಚೆ ಅವರ ತಂದೆ ಕೇಳಿ ಪಡೆದ ಮಾತು ಅದು. ಬೆತ್ತ ಮೂರು ಸಲ ಮುರಿದಿತ್ತು. ಮಾತು ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಕಂಪ್ಲಿ ಹಾದಿಯ ಆ ಬೋರ್ಡ್ ಶಾಲೆಗೆ ವರ್ಗವಾಗಿ ಬಂದು ಇನ್ನೂ ಎಂಟು ದಿನ. ಅಂದು ಮೇಜಿನ ಮೇಲೊಂದು ಕಲ್ಲಿಟ್ಟು, "ನೋಡಿ ಬರೀರಿ. ಬಣ್ಣ, ತೂಕ, ನುಣುಪು, ತರಿ. ಕಂಡದ್ದನ್ನಷ್ಟೇ ಬರೀಬೇಕು. ಈ ಕಲ್ಲುಗುಡ್ಡದಾಗ ಹುಟ್ಟಿದವರಿಗೆ ಒಂದು ಕಲ್ಲು ಬಣ್ಣಿಸಾಕ ಬರಲ್ಲಂದ್ರ ಹೆಂಗ?" ಎಂದರು. ಮಕ್ಕಳು ಕಲ್ಲನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ನಗು ತಡೆಯಲು ಬಾಯಿಗೆ ತೋಳು ಒತ್ತಿಕೊಂಡು ಬರೆಯತೊಡಗಿದರು.

ಮೊದಲು ಬರೆದು ಮುಗಿಸಿದವಳು ಹುಲುಗಿ. 'ಕಲ್ಲು ಕಪ್ಪಗಿದೆ. ಒಂದು ಮಗ್ಗುಲು ನುಣ್ಣಗೆ, ಇನ್ನೊಂದು ತರಿತರಿ. ಬಿರುಕಿನಲ್ಲಿ ಅರಿಶಿಣ ಇದೆ. ಮೂಸಿದರೆ ಎಣ್ಣೆ ವಾಸನೆ.'

"ಕಲ್ಲಿಗೆಲ್ಲಿ ವಾಸನಿ ಬಂತವ್ವಾ?" ಮೇಷ್ಟ್ರು ಸ್ಲೇಟಿನ ಮೇಲೆ ದೊಡ್ಡದೊಂದು ಸೊನ್ನೆ ಸುತ್ತಿದರು.

"ನೀವಾ ಮೂಸಿ ನೋಡ್ರಿ ಮೇಷ್ಟ್ರೆ."

"ಭಾಳ ಜಾಣಿ ಅದೀ. ಕುಂದ್ರು."

ಅಷ್ಟರಲ್ಲಿ ಬಾಗಿಲಲ್ಲಿ ಊರ ದೇವಿಯ ಪೂಜಾರಿಣಿ ಜಂಬವ್ವ. ಅವಳ ಹಿಂದೆ ಬಡಿಗೆ ಹಿಡಿದ ನಾಲ್ಕು ಮಂದಿ. "ಯಾವ ಭಾಡ್ಯಾ ನನ್ನ ಗಾಳೆವ್ವನ್ನ ಹೊತ್ಕೊಂಡು ಹೋಗ್ಯಾನ..." ಎಂದು ಬೈಯುತ್ತ ಬಂದ ಮುದುಕಿಯ ಕಣ್ಣು ಮೇಜಿನ ಮೇಲೆ ಬಿತ್ತು. "ಅಯ್ಯಯ್ಯ! ಇಲ್ಲಿ ಬಂದು ಕುಂತೀಯೇನ ನಮ್ಮವ್ವಾ! ಬೇವಿನ ಬುಡದಾಗಿಂದ ಯಾರು ತಂದ್ರು? ಹೇಳ್ರಿ, ಕೈ ಮುರೀತೀನಿ!"

ಬೆಳಿಗ್ಗೆ ಕಾಲುವೆಯಿಂದ ಬರುವಾಗ, ರಾತ್ರಿಯ ಮಳೆಗೆ ತೊಳೆದುಕೊಂಡು ಅಚ್ಚುಕಟ್ಟಾಗಿ ಕಂಡ ಕಲ್ಲನ್ನು ಮೇಷ್ಟ್ರೇ ಆರಿಸಿ ತಂದಿದ್ದರು. ಎಣ್ಣೆಯ ವಾಸನೆ ಈಗ ಅವರ ಮೂಗಿಗೂ ಬಡಿಯಿತು. ನಿಜ ಹೇಳಿದರೆ ಈ ಊರಿನ ನೀರಿನ ಋಣ ಇವತ್ತಿಗೇ ತೀರಿತು. ಮೈಮೂಳೆ ಉಳಿಯುವುದೂ ಅನುಮಾನ.

"ನೀ ಹೇಳೇ ಹುಲುಗಿ, ಯಾರು ತಂದ್ರು?" ಎಂದಳು ಜಂಬವ್ವ.

ಹುಲುಗಿ ಮೇಷ್ಟ್ರನ್ನು ನೋಡಿದಳು. ಸ್ಲೇಟಿನ ಸೊನ್ನೆಯನ್ನು ನೋಡಿದಳು. ಸ್ಲೇಟನ್ನು ಮೆಲ್ಲಗೆ ಅವರ ಮುಂದೆ ಚಾಚಿದಳು. ಮೇಷ್ಟ್ರು ಶಲ್ಯದ ತುದಿಯಿಂದ ಸೊನ್ನೆ ಒರೆಸಿ, ಹತ್ತು ಎಂದು ಬರೆದರು.

"ಯಾರೂ ತಂದಿಲ್ಲಜ್ಜಿ, ತಾನಾ ಬಂದ್ಲು," ಎಂದಳು ಹುಲುಗಿ. "ನುಣ್ಣನ ಹಸುರು ಸೀರಿ, ನೆರಿಗಿ ತೊಯ್ದು ತಪ್ಪಡಿ ಆಗಿತ್ತು. ಅಂಗಾಲಿಗೆ ತರಿತರಿ ಮಳ್ಳು ಮೆತ್ತಿತ್ತು. ಹೆಜ್ಜಿ ಎಷ್ಟು ಭಾರ ಅಂತೀ, ಇಟ್ಟಲ್ಲಿ ನೆಲ ಗುಮ್ಮ್ ಅಂತಿತ್ತು. ಮೇಜು ಏರಿ ಕುಂತು, 'ಹೂಂ, ಬರೀರಿ' ಅಂದ್ಲು."

ಬಣ್ಣ, ತೂಕ, ನುಣುಪು, ತರಿ... ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಹುಡುಗಿ ಬಿಟ್ಟಿರಲಿಲ್ಲ. ಬಡಿಗೆಗಳು ನೆಲಕ್ಕಿಳಿದವು. ಜಂಬವ್ವನ ಕೈ ತಾನಾಗಿ ಮುಗಿದುಕೊಂಡಿತು.

"ಖರೇನಾ ಮೇಷ್ಟ್ರೆ?"

ಇಪ್ಪತ್ತೇಳು ಮಕ್ಕಳು ಮೇಷ್ಟ್ರ ಬಾಯಿಯನ್ನೇ ನೋಡುತ್ತಿದ್ದರು.

"ಖರೆ," ಎಂದರು ಕೊಟ್ರಯ್ಯ ಮೇಷ್ಟ್ರು. "ಸೀರಿಗೆ ಕೆಂಪು ಅಂಚಿತ್ತು."

ತಂದೆಗೆ ಕೊಟ್ಟ ಮಾತು ಅಂದಿಗೆ ಮುರಿಯಿತು.