ನೆಟ್ಟಗಾದ ಗಾಂಧಾರ

ತಂತಿಗಳ ಕಾಲ ಮುಗಿದಿತ್ತು. ಈಗ ಎಲ್ಲರೂ ಕೈಯ ಚಲನೆಯನ್ನು ಸ್ವರವಾಗಿಸುವ ಪಟ್ಟಿಯನ್ನು ಮುಂಗೈಗೆ ಕಟ್ಟಿಕೊಂಡು ಗಾಳಿಯಲ್ಲೇ ಸಿತಾರ್ ನುಡಿಸುತ್ತಿದ್ದರು. ಹುಟ್ಟಿನಿಂದ ಕೈ ನಡುಗುವ ಶಿವಲೀಲಾಳಿಗೂ ಸಂಗೀತ ದಕ್ಕಿದ್ದು ಹಾಗೆಯೇ. ದರ್ಬಾರಿ ರಾಗದ ಗಾಂಧಾರ ಸ್ವರ ಮೆಲ್ಲಗೆ ತೂಗಬೇಕು. ಅದಕ್ಕಾಗಿ ಉಳಿದವರು ವರ್ಷಗಟ್ಟಲೆ ಒದ್ದಾಡುತ್ತಿದ್ದರು. ಅವಳ ಕೈಯಲ್ಲಿ ಅದು ತಾನಾಗಿಯೇ ತೂಗುತ್ತಿತ್ತು.

ಇಂದು ಮಧ್ಯಾಹ್ನ ರೇಡಿಯೋದವರ ಆಯ್ಕೆ ಪರೀಕ್ಷೆ. ಬೆಳಿಗ್ಗೆ ಕೂತು ನುಡಿಸಿದರೆ ಗಾಂಧಾರ ಕೋಲಿನಂತೆ ನೆಟ್ಟಗೆ ನಿಂತಿತು. ಅವಳು ನೇರ ರಿಪೇರಿ ಅಂಗಡಿಗೆ ನಡೆದಳು.

"ನಿನ್ನೆ ಪಟ್ಟಿಗೆ ಕೊಂಡಿ ಅಷ್ಟ ಹಾಕ್ರಿ ಅಂದಿದ್ದೆ. ಮತ್ತೇನ್ ಮಾಡೀರಿ?"

"ನಿಮ್ಮ ಕೈ ನಡುಕ ಸ್ವರದಾಗ ಬರದಂಗ ತಗದೇನ್ರಿ ಅಕ್ಕಾರ," ಎಂದು ಅಂಗಡಿಯ ಮಹಾಂತೇಶ ಹಲ್ಲು ಕಿರಿದ. "ನಿಮ್ಮಂಥವರಿಗೆ ಪುಕ್ಕಟೆ. ಇನ್ನ ಎಲ್ಲಾರಂಗ ಬರತೈತಿ."

ಶಿವಲೀಲಾ ಪಟ್ಟಿ ಬಿಚ್ಚಿ ಅವನ ಮುಂಗೈಗೇ ಬಿಗಿದಳು. "ಗಾಂಧಾರ ಹಿಡೀರಿ."

ಅವನು ಅಳುಕುತ್ತ ಕೈ ಎತ್ತಿದ. ಬೆಳಗಿನ ಅದೇ ನೆಟ್ಟನೆಯ ಸ್ವರ ಹೊರಟಿತು.

"ಕೇಳಿದ್ರಿಲ್ಲ? ಇದು ನಿಮ್ಮ ನಡುಗದ ಕೈ. ಯಾರನ್ನ ಕೇಳಿ ನನಗ ಹಚ್ಚಿದ್ರಿ?"

ಮಹಾಂತೇಶನ ನಗು ಇಂಗಿತು. "ಒಳ್ಳೇದಾಗ್ಲಿ ಅಂತ..."

"ನನ್ನ ಕೈ ನನಗ ಕೊಡ್ರಿ," ಎಂದು ಅವಳು ಸ್ಟೂಲು ಎಳೆದು ಬಾಗಿಲಿಗೆ ಅಡ್ಡ ಕೂತಳು. "ಅಲ್ಲೀತನಕ ನೀವೂ ಹೊರಗ ಹೋಗಂಗಿಲ್ಲ."